ಉಗುರು ಬೆಳೆಯುವಷ್ಟು ದಿನ

ಮಾದೇಶ ತನ್ನ ಎಡಗೈ ತೋರುಬೆರಳಿನ ಉಗುರು ತೆಗೆಯದೆ ನಾಲ್ಕು ತಿಂಗಳಾಗಿತ್ತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಸ್ಸು ನಡೆಸುತ್ತ, ಚಪಾತಿ ಹಿಟ್ಟನ್ನು ಇಂದಿಗೂ ಕೈಯಲ್ಲೇ ನಾದುವ ಮನುಷ್ಯ ಹೀಗೆ ಉಗುರು ಬಿಟ್ಟರೆ ಊಟಕ್ಕೆ ಬರುವವರು ಸುಮ್ಮನಿರುತ್ತಾರೆಯೇ? ಎರಡು ತಿಂಗಳ ಹಿಂದೆ ಒಬ್ಬಿಬ್ಬರು ಮುಖ ಸಿಂಡರಿಸಿದ ಮೇಲೆ ಅವನು ರಬ್ಬರ್ ಗ್ಲೌಸೊಂದರ ಬೆರಳನ್ನಷ್ಟೇ ಕತ್ತರಿಸಿ, ಬೆಳಿಗ್ಗೆಯಿಂದ ರಾತ್ರಿ ಊಟ ಮುಗಿಯುವವರೆಗೂ ಆ ಬೆರಳಿಗೆ ತೊಟ್ಟುಕೊಳ್ಳತೊಡಗಿದ.

"ಏನ್ ಮಾದೇಶಣ್ಣ, ಬೆರಳಿಗೆ ರೈನ್‌ಕೋಟಾ?" ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರು.

"ಮಗಳು ಕೆಲ್ಸ ಮುಗ್ಸಿ ಬರೋಗಂಟ ಇದು ಹಿಂಗೇ ಕಣ್ರಪ್ಪಾ. ನೀವು ಸಾರು ಹಾಕ್ಸ್ಕೊಳಿ," ಎನ್ನುತ್ತಿದ್ದ ಮಾದೇಶ.

ಅವನು ಕಾಪಾಡಿಕೊಂಡಿದ್ದದ್ದು ಉಗುರನ್ನಲ್ಲ, ಅದರ ಮೇಲಿದ್ದ ಶಾಯಿಯನ್ನು. ಆ ಶಾಯಿಯ ವಿಷಯ ಸ್ವಲ್ಪ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ.

ಹಿಂದಿನ ದಂಡಯಾತ್ರೆಯಲ್ಲಿ ನಮ್ಮವರು ಸೋತದ್ದು ಗುಂಡು ಸಾಲದೆ ಅಲ್ಲ. ಶತ್ರುಗಳು ನಮ್ಮ ಫಿರಂಗಿಗಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಮ್ಮ ಚುನಾವಣೆಗೆ ಇನ್ನೆಷ್ಟು ತಿಂಗಳಿದೆ ಎಂಬುದನ್ನಷ್ಟೇ ನೋಡುತ್ತ ಗುಡ್ಡದ ಮೇಲೆ ಕೂತಿದ್ದರು. ಚುನಾವಣೆ ಹತ್ತಿರ ಬಂದಂತೆ ಇಲ್ಲಿನ ನಾಯಕರೆಲ್ಲ ಮೈಕಿನ ಮುಂದೆ "ನಮ್ಮ ಮಕ್ಕಳನ್ನು ವಾಪಸ್ ಕರೆಸುತ್ತೇವೆ" ಎಂದು ಪೈಪೋಟಿಗೆ ಬಿದ್ದರು. ಸೈನ್ಯ ಹಿಂದಿರುಗಿತು. ಅಲ್ಲಿ ನಮ್ಮನ್ನು ನಂಬಿದ್ದವರ ಗತಿ ಏನಾಯಿತೆಂದು ಕೇಳುವವರೇ ಇರಲಿಲ್ಲ. ಆ ನಾಚಿಕೆಯಿಂದ ಹುಟ್ಟಿದ್ದು ಸಂಕಲ್ಪ ಕಾಯ್ದೆ, ಅದರಿಂದ ಹುಟ್ಟಿದ್ದು ಈ ಶಾಯಿ. ಯುದ್ಧ ಬೇಕೋ ಬೇಡವೋ ಎಂಬುದನ್ನು ಐದು ವರ್ಷಕ್ಕೊಮ್ಮೆ ಭಾಷಣದ ಭರಾಟೆಯಲ್ಲಿ ನಿರ್ಧರಿಸುವ ಬದಲು, ಜನ ದಿನದಿನವೂ ಹೇಳುವಂತಾದರೆ? ಶತ್ರುವಿಗೆ ಕಾದು ಕೂರಲು ತಾರೀಖೇ ಇಲ್ಲದಂತಾದರೆ?

ಮತಗಟ್ಟೆಯಲ್ಲಿ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳನ್ನು ಬೆರೆಸಿದರು. ಹಗಲಿನ ಬೆಳಕೇ ಅವುಗಳ ಆಹಾರ. ಉಗುರಿನ ಮೂಲಕ ಅವು ನಾಡಿಯ ಮಿಡಿತವನ್ನು ಆಲಿಸುತ್ತವೆ. ಸಂಜೆ ಆರಕ್ಕೆ ಫೋನಿನಲ್ಲಿ ಯುದ್ಧದ ಒಂದು ಸಾಲಿನ ಸುದ್ದಿ ಬರುತ್ತದೆ, ಅದನ್ನು ಕೇಳಿದಾಗ ಮನಸ್ಸು ನಿಂತಿತೋ ಹಿಂಜರಿಯಿತೋ ಎಂಬುದನ್ನು ನಾಡಿ ಹೇಳುತ್ತದೆ. ದೇಶದ ಎಲ್ಲ ಬೆರಳುಗಳ ಉತ್ತರ ಸೇರಿ, ನೂರಕ್ಕೆ ಎಷ್ಟು ಮಂದಿಯ ಬೆಂಬಲವಿದೆ ಎಂಬ ಒಂದು ಅಂಕಿ ಆಗುತ್ತದೆ. ಅದು ಐವತ್ತಕ್ಕಿಂತ ಕೆಳಗೆ ಸತತ ಐದು ದಿನ ನಿಂತರೆ ಸೈನ್ಯ ಹದಿನೈದು ದಿನದೊಳಗೆ ಮರಳಬೇಕು. ಪ್ರಧಾನಿಯೂ ತಡೆಯುವಂತಿಲ್ಲ.

ಆ ಅಂಕಿಯನ್ನು ದಿನವೂ ತೆಗೆಯುತ್ತಿದ್ದದ್ದು ಮೈಸೂರಿನ ಹೊರವಲಯದ ಸಂಕಲ್ಪ ಕೇಂದ್ರ. ಅಲ್ಲಿನ ಹಿರಿಯ ವಿಶ್ಲೇಷಕಿ ವನಜಾಕ್ಷಿ, ಮಾದೇಶನ ಹೆಂಡತಿ. ಕಾಳುಗಳ ಮಿಡಿತವನ್ನು ಅಂಕಿಗೆ ತಿರುಗಿಸುವ ಸೂತ್ರದ ಅರ್ಧ ಭಾಗ ಅವಳದೇ.

ಅವರ ಒಬ್ಬಳೇ ಮಗಳು ಇಂಚರ ಸೈನ್ಯದ ಎಂಜಿನಿಯರ್. ನಮ್ಮ ಸೈನ್ಯ ಈಗ ಕಾಯುತ್ತಿದ್ದ, ಸಮುದ್ರದಾಚೆಯ ಸೆಲುವಾ ದ್ವೀಪದ ಬಂದರು ಪಟ್ಟಣದಲ್ಲಿ ನೀರು ಶುದ್ಧಿ ಮಾಡುವ ಘಟಕ ನೋಡಿಕೊಳ್ಳುತ್ತಿದ್ದಳು. ದ್ವೀಪದ ಉತ್ತರದ ದಂಡು ಪಟ್ಟಣದ ಕೆರೆಗಳಿಗೆಲ್ಲ ವಿಷ ಹಾಕಿದ ಮೇಲೆ ಎಂಬತ್ತು ಸಾವಿರ ಜನ ಕುಡಿಯುತ್ತಿದ್ದದ್ದು ಅವಳ ಘಟಕದ ನೀರನ್ನೇ. ಘಟಕದ ಮೇಲೆ ಎರಡು ಸಲ ಶೆಲ್ ಬಿದ್ದಿತ್ತು. ಎರಡನೆಯ ಸಲ ಅವಳು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಳು.

ಆ ಇಪ್ಪತ್ತು ಹೆಜ್ಜೆಯನ್ನು ವನಜಾಕ್ಷಿ ಮನೆಯೊಳಗೆ ಎಷ್ಟು ಸಲ ನಡೆದು ಅಳೆದಿದ್ದಳೋ. ಅಡುಗೆಮನೆಯಿಂದ ಬೀದಿ ಬಾಗಿಲಿಗೆ ಹದಿನೆಂಟೇ ಹೆಜ್ಜೆ. ಅವಳಿಗೆ ಮಗಳು ಮನೆಗೆ ಬರಬೇಕಿತ್ತು, ಅಷ್ಟೇ. ಜೂನ್ ಕೊನೆಯಲ್ಲಿ ಮತ ಹಾಕಿ, ಶಾಯಿ ಹಚ್ಚಿಸಿಕೊಂಡು ಬಂದ ದಿನದಿಂದ ಅವಳ ಬೆರಳು ಬೇಡ, ಬೇಡ ಎಂದೇ ಮಿಡಿಯುತ್ತಿತ್ತೆಂದು ಅವಳಿಗೆ ಯಂತ್ರ ಹೇಳಬೇಕಾಗಿರಲಿಲ್ಲ. ಮಾದೇಶನದು ಬೇರೆ ದಾರಿ. "ಅವಳು ಮುಗ್ಸಿ ಬತ್ತೀನಿ ಅಂದವ್ಳೆ. ಮುಗಿಯೋಗಂಟ ಹಿಂದೆ ನಾನಿರ್ಬೇಕು," ಎನ್ನುತ್ತಿದ್ದ. ಈ ವಿಷಯಕ್ಕೆ ಗಂಡಹೆಂಡಿರು ಜಗಳವಾಡಲಿಲ್ಲ. ಜಗಳವಾಡಿದರೆ ಅಳು ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ಎಲ್ಲರ ಬೆರಳಿಗೂ ಹೊಸ ಶಾಯಿ ಹಚ್ಚಬೇಕೆಂದು ಕಾಯ್ದೆಯಲ್ಲೇ ಇತ್ತು. ಅಷ್ಟರಲ್ಲಿ ಐದು ರಾಜ್ಯಗಳ ಚುನಾವಣೆ ಬಂತು. ಪ್ರಚಾರದ ನಡುವೆ ಯುದ್ಧದ ಮಾತು ಯಾವ ಪಕ್ಷಕ್ಕೂ ಬೇಡವಾಗಿತ್ತು. ಬೇರೆ ಯಾವುದರಲ್ಲೂ ಒಂದಾಗದವರು ಇದರಲ್ಲಿ ಒಂದಾಗಿ, ಹೊಸ ಶಾಯಿಯನ್ನು ದೀಪಾವಳಿಯ ನಂತರಕ್ಕೆ ಮುಂದೂಡಿದರು. ಇತ್ತ ಉಗುರುಗಳು ಯಾವ ಪಕ್ಷದ ಮಾತನ್ನೂ ಕೇಳದೆ ಬೆಳೆಯುತ್ತ ಹೋದವು. ಬುಡದಲ್ಲಿದ್ದ ಶಾಯಿ ತುದಿಗೆ ಬಂತು.

ದೀಪಾವಳಿಯ ಹಿಂದಿನ ಭಾನುವಾರ ವನಜಾಕ್ಷಿ ಹಾಲು ತರಲು ಹೊರಟಾಗ ಬೀದಿಯುದ್ದಕ್ಕೂ ಜನ ಜಗಲಿ ಮೇಲೆ ಪೇಪರು ಹಾಸಿಕೊಂಡು ಕೂತಿದ್ದರು. ಬುಧವಾರ ನರಕ ಚತುರ್ದಶಿ, ಎಣ್ಣೆಸ್ನಾನ. ಮಂಗಳವಾರ ನೀರು ತುಂಬುವ ಹಬ್ಬ. ಮಂಗಳವಾರ ಉಗುರು ತೆಗೆಯುವ ಹಾಗಿಲ್ಲ, ಸೋಮವಾರ ಯಾರಿಗೆ ಪುರುಸೊತ್ತು? ಹಾಗಾಗಿ ಇಡೀ ಮೊಹಲ್ಲಾ ಭಾನುವಾರವೇ ಉಗುರು ತೆಗೆಯಲು ಕೂತಿತ್ತು. ವನಜಾಕ್ಷಿಯೂ ತನ್ನದನ್ನು ಹಿಂದಿನ ಭಾನುವಾರವೇ ತೆಗೆದುಕೊಂಡಿದ್ದಳು.

ಅಂದು ಸಂಜೆ ಆರಕ್ಕೆ ಅಂಕಿ ಅರವತ್ತೊಂದರಿಂದ ನಲವತ್ತೇಳಕ್ಕೆ ಬಿತ್ತು.

ಸೋಮವಾರ ಕೇಂದ್ರದಲ್ಲಿ ಯಾರಿಗೂ ಕೂರಲು ಬಿಡುವಿರಲಿಲ್ಲ. ನಿರ್ದೇಶಕ ಶಿವಯೋಗಿ ಅಂಗಡಿ ಧಾರವಾಡದವರು, ಅರವತ್ತರ ಹತ್ತಿರದ ಶಾಂತ ಮನುಷ್ಯ. ಅವರ ಮೇಜಿನ ಮೂರು ಫೋನೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

"ಕದನವಿರಾಮಕ್ಕ ಇವತ್ತು ಸಹಿ ಹಾಕಬೇಕಿತ್ತಂತ್ರಿ ಉತ್ತರದವರು," ಎಂದರು ವನಜಾಕ್ಷಿಗೆ. "ನಮ್ಮ ಅಂಕಿ ನೋಡಿ ಪೆನ್ನು ಮುಚ್ಚಿ ಕಿಸೆದಾಗ ಇಟ್ಟುಕೊಂಡಾರ. ಗುರುವಾರದ ತನಕ ಕಾದರ ಬಂದರು ಪುಕ್ಕಟೆ ಸಿಗತದಲ್ಲ."

"ಜನ ಯಾಕೆ ಹೀಗೆ ಒಂದೇ ದಿನ ತಿರುಗಿಬಿದ್ರು ಸರ್?"

"ಹಬ್ಬ ಬಂತು, ಮಕ್ಕಳ ನೆನಪಾತು ಅಂತ ದಿಲ್ಲಿಯವರು ಅಂತಾರ. ಮಂಗಳವಾರ, ಶುಕ್ರವಾರ ಮಾತ್ರ ಅಂಕಿ ಇಳಿಯೂದಿಲ್ಲ ನೋಡ್ರಿ. ಆ ಎರಡು ದಿನ ಮಂತ್ರಿಗಳು ಟೀವಿಯೊಳಗ ಮಾತಾಡ್ತಾರ. ಅದಕ್ಕ ದಿನಾ ಮಾತಾಡಸೂಣು ಅಂತ ಹೊಂಟಾರ."

ವನಜಾಕ್ಷಿ ತನ್ನ ಪರದೆಯ ಮುಂದೆ ಹೋಗಿ ಕೂತಳು. ಮೂರು ವಾರದ ಗೆರೆ ಅಲ್ಲಿತ್ತು. ಭಾನುವಾರ ಇಳಿತ, ಬುಧವಾರ ಸಣ್ಣ ಇಳಿತ, ಮಂಗಳವಾರ ಶುಕ್ರವಾರ ನೆಟ್ಟಗೆ. ಮಂತ್ರಿಗಳ ಭಾಷಣವನ್ನು ಅವಳ ಮೆಸ್ಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ, ಟೀವಿಯ ಸದ್ದು ಅಡಗಿಸಿ ಉಣ್ಣುತ್ತಿದ್ದರು. ಹಾಗಿದ್ದರೆ ಮಂಗಳವಾರ, ಶುಕ್ರವಾರ ಈ ದೇಶದ ಜನ ಏನು ಮಾಡುವುದಿಲ್ಲ?

ಉತ್ತರ ಹೊಳೆದಾಗ ಅವಳಿಗೆ ಮೊದಲು ನಗು ಬಂತು, ಆಮೇಲೆ ಸಮಿತಿಯ ಹಳೆಯ ಟಿಪ್ಪಣಿ ನೆನಪಾಯಿತು.

ಶಾಯಿಯನ್ನು ಮೊದಲು ಪರೀಕ್ಷೆಗೆ ಬಿಟ್ಟಿದ್ದಾಗ ಯುದ್ಧ ಬೇಡವೆಂದ ಕೆಲವರು ಸಿಟ್ಟಿನಿಂದ ಬ್ಲೇಡಿನಲ್ಲಿ ಅದನ್ನು ಕೆರೆದು ಹಾಕಿದ್ದರು. ಹಾಗಾಗಿ, ಯಾವ ಕಾಳು ಮಾತು ನಿಲ್ಲಿಸುತ್ತದೋ ಆ ಮತದಾರ ಬೆಂಬಲ ಹಿಂತೆಗೆದುಕೊಂಡನೆಂದು ತಿಳಿಯಬೇಕು ಎಂದು ಸಮಿತಿ ಬರೆದಿತ್ತು. ಸಮಿತಿಯಲ್ಲಿ ಹನ್ನೊಂದು ಮಂದಿ ಇದ್ದರು. ಹನ್ನೊಂದು ಮಂದಿಯ ಮನೆಯಲ್ಲೂ ಯಾವ ವಾರ ಉಗುರು ತೆಗೆಯಬಾರದು, ಹಬ್ಬಕ್ಕೆ ಮುಂಚೆ ಯಾವಾಗ ತೆಗೆಯಬೇಕು ಎಂಬುದು ಮಕ್ಕಳಿಗೂ ಗೊತ್ತಿತ್ತು. ಒಬ್ಬರೂ ಅದನ್ನು ಕಡತಕ್ಕೆ ತರಲಿಲ್ಲ. ಮನೆಯ ಮಾತನ್ನು ಪ್ರಯೋಗಾಲಯದಲ್ಲಿ ಆಡಿದರೆ ಹಳ್ಳಿಗುಗ್ಗು ಎಂದಾರೆಂಬ ಸಂಕೋಚವೋ ಏನೋ. ವನಜಾಕ್ಷಿಯೂ ಆ ಹನ್ನೊಂದರಲ್ಲಿ ಒಬ್ಬಳು.

ಸುಮ್ಮನಾದ ಕಾಳುಗಳನ್ನು ಬದಿಗಿಟ್ಟು, ಇನ್ನೂ ಮಿಡಿಯುತ್ತಿದ್ದವನ್ನಷ್ಟೇ ಕೂಡಿಸಿ ನೋಡಿದಳು. ಅರವತ್ತೆರಡು ಬಂತು. ದೇಶ ಕದಲಿರಲಿಲ್ಲ, ಹಬ್ಬಕ್ಕೆ ಉಗುರು ತೆಗೆದಿತ್ತು.

ಎದ್ದು ಅಂಗಡಿಯವರ ಕೋಣೆಗೆ ಹೋಗಬೇಕಿತ್ತು, ಹತ್ತೇ ಮಾರು ದೂರ. ಅವಳು ಏಳಲಿಲ್ಲ. ಗುರುವಾರ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇಂಚರ ಮನೆಗೆ ಬರುತ್ತಾಳೆ. ಅವಳು ಸುಳ್ಳು ಹೇಳಬೇಕಾಗಿರಲಿಲ್ಲ, ಏನನ್ನೂ ತಿದ್ದಬೇಕಾಗಿರಲಿಲ್ಲ, ಸುಮ್ಮನೆ ಕೂತಿದ್ದರಾಯಿತು. ಪರದೆಯ ಮೇಲಿನ ಲೆಕ್ಕವನ್ನು ಅಳಿಸಿ ಹಾಕಿ ವನಜಾಕ್ಷಿ ಟಿಫನ್ ಡಬ್ಬಿ ತೆರೆದಳು. ಗಂಡ ಕಟ್ಟಿಕೊಟ್ಟ ಪುಳಿಯೋಗರೆಯನ್ನು ಹಾಗೇ ಮುಚ್ಚಿಟ್ಟಳು.

ಸೋಮವಾರ ಸಂಜೆ ನಲವತ್ತನಾಲ್ಕಕ್ಕೆ ಇಳಿದ ಅಂಕಿ ಮಂಗಳವಾರ ಅಲ್ಲೇ ಅಲ್ಲಾಡದೆ ನಿಂತಿತು. ಮನೆಯಲ್ಲಿ ಮಾದೇಶ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿಸಿದ. "ಮುಂದಿನ ವರ್ಸ ಅವಳೇ ಎಣ್ಣೆ ಹಚ್ಕೊಂಡು ಕೂತಿರ್ತಾಳೆ ನೋಡು," ಎಂದ. ಮುಂದಿನ ವರ್ಷವಲ್ಲ, ಮುಂದಿನ ತಿಂಗಳೇ ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

ಬುಧವಾರ ಬೆಳಿಗ್ಗೆ ಎಣ್ಣೆಸ್ನಾನ ಮುಗಿದು ಇಬ್ಬರೂ ಇಡ್ಲಿಯ ಮುಂದೆ ಕೂತಿದ್ದಾಗ ಇಂಚರಳ ಫೋನು ಬಂತು. ಪರದೆಯಲ್ಲಿ ಅವಳ ಮುಖ ಕಪ್ಪಾಗಿತ್ತು, ಕೆನ್ನೆ ಇಳಿದಿತ್ತು. ಹಬ್ಬದ ಮಾತು, ಅಡುಗೆಯ ಮಾತು ಆಯಿತು.

"ಅಮ್ಮ, ನಿಮ್ಮ ಆಫೀಸಿನ ನಂಬರ್ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನನ್ನ ಜೊತೆ ಪಂಪ್ ನೋಡ್ಕೊಳೋ ಈ ಊರಿನ ನೊರೀಮಾ ಇದಾಳಲ್ಲ, ನಿನ್ನೆ ಕೇಳಿದ್ಲು, ನಿಮ್ಮೂರಿನೋರಿಗೆ ನಾವು ಸಾಕಾಗಿಬಿಟ್ವಾ ಅಂತ. ಕೋಪ ಮಾಡ್ಕೊಂಡು ಕೇಳಿದ್ರೆ ಏನಾದ್ರೂ ಹೇಳ್ಬಹುದಿತ್ತು. ಮೆತ್ತಗೆ ಕೇಳಿದ್ಲು."

"ನೀನೇನಂದೆ?"

"ಏನೂ ಹೇಳ್ಲಿಲ್ಲ. ಇಲ್ಲಿ ಎಲ್ಲರ ಮನೇಲೂ ಬಿಂದಿಗೆ, ಬಕೆಟ್ಟು, ಮಕ್ಕಳ ತೊಟ್ಟಿ, ಸಿಕ್ಕಿದ್ದಕ್ಕೆಲ್ಲ ನೀರು ತುಂಬಿಸಿ ಇಡ್ತಿದಾರೆ. ನಾವು ಹೋದ್ಮೇಲೆ ಘಟಕ ನಿಲ್ಲುತ್ತಲ್ಲ. ಎಷ್ಟು ದಿನ ಬರುತ್ತಮ್ಮ ಅದು? ಒಂದು ವಾರ?"

ನಿನ್ನೆ ತಾವೂ ಹಬ್ಬಕ್ಕೆಂದು ನೀರು ತುಂಬಿದ್ದ ಬಚ್ಚಲಿನ ಹಂಡೆಯ ಕಡೆ ವನಜಾಕ್ಷಿಯ ಕಣ್ಣು ಹೋಯಿತು. ಮಾದೇಶ ಫೋನನ್ನು ಅವಳ ಕೈಯಿಂದ ತೆಗೆದುಕೊಂಡ.

"ಲೇ ಮಗಾ, ಯಾರು ಬಿಟ್ರೂ ನಿಮ್ಮಪ್ಪ ಬುಟ್ಟಿಲ್ಲ ಕಣಮ್ಮಿ. ನೋಡು," ಎಂದು ರಬ್ಬರಿನ ಟೊಪ್ಪಿಗೆ ತೊಟ್ಟ ಬೆರಳನ್ನು ಪರದೆಗೆ ಹಿಡಿದ. "ನಾಲ್ಕು ತಿಂಗ್ಳು. ಒಂದ್ ಚೂರು ಮುಕ್ಕಾಗಕ್ಕೆ ಬುಟ್ಟಿಲ್ಲ. ಆ ಹೆಣ್ಮಗಳಿಗೂ ಹೇಳು."

ಇಂಚರ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. ಸಂಪರ್ಕ ಕಡಿದುಹೋಯಿತು.

ವನಜಾಕ್ಷಿ ಆ ಬೆರಳನ್ನೇ ನೋಡುತ್ತಿದ್ದಳು. ಎರಡು ತಿಂಗಳಿಂದ ದಿನವೂ ನೋಡಿದ್ದ ಬೆರಳು. ಹಗಲಿನ ಬೆಳಕೇ ಕಾಳುಗಳ ಆಹಾರ ಎಂಬ ವಾಕ್ಯವನ್ನು ಅವಳೇ ವರದಿಯಲ್ಲಿ ಬರೆದಿದ್ದಳು. ಬೆಳಗಿನಿಂದ ರಾತ್ರಿಯವರೆಗೂ ಕತ್ತಲಲ್ಲಿಟ್ಟ ಕಾಳು ಸಂಜೆ ಆರಕ್ಕೆ ಏನು ತಾನೇ ಹೇಳೀತು?

"ರೀ, ಅದನ್ನ ತೆಗೀರಿ," ಎಂದಳು.

"ಯಾಕೆ?"

ಅವಳಿಗೆ ಸುತ್ತಿಬಳಸಿ ಹೇಳಲು ಆಗಲಿಲ್ಲ. "ಬೆಳಕಿಲ್ಲದೆ ಅದು ಮಾತಾಡಲ್ಲ. ನಿಮ್ಮ ಶಾಯಿ ಎರಡು ತಿಂಗಳಿಂದ ಸುಮ್ಮನಾಗಿಬಿಟ್ಟಿದೆ."

"ಸುಮ್ನಾದ್ರೆ?"

"ಸುಮ್ಮನಾದ್ರೆ ಕೈ ಬಿಟ್ಟ ಅಂತ ಲೆಕ್ಕ."

ಮಾದೇಶ ಟೊಪ್ಪಿಗೆಯನ್ನು ನಿಧಾನವಾಗಿ ಕಳಚಿ ತಟ್ಟೆಯ ಪಕ್ಕ ಇಟ್ಟ. ಬೆರಳು ಬಿಳಿಚಿ ನೆರಿಗೆ ಬಿದ್ದಿತ್ತು. "ನಾನು ಇಂಚರನ್ನ ಕೈ ಬುಟ್ಟೆ ಅಂತ ಬರ್ಕೊಂಡವ್ರಾ? ಯಾರು ಬರ್ಕೊಂಡೋರು?"

"ನಾನೇ," ಎಂದಳು ವನಜಾಕ್ಷಿ. ಆಮೇಲೆ ಎಲ್ಲವನ್ನೂ ಹೇಳಿದಳು: ಭಾನುವಾರದ ಉಗುರು, ಅರವತ್ತೆರಡು, ತಾನು ಮೂರು ದಿನದಿಂದ ನುಂಗಿಕೊಂಡಿದ್ದ ಮಾತು. ಇಡ್ಲಿ ಆರಿತು. ಬೀದಿಯಲ್ಲಿ ಮಕ್ಕಳು ಪಟಾಕಿ ಹಚ್ಚುತ್ತಿದ್ದರು, ಪ್ರತಿ ಸದ್ದಿಗೂ ಅವಳ ಭುಜ ಅದುರುತ್ತಿತ್ತು.

"ನಾಳೆ ನೀನು ಸುಮ್ಕಿದ್ರೆ ಅವಳು ಬತ್ತಾಳಾ?"

"ಎರಡು ವಾರದಲ್ಲಿ."

"ಹೇಳ್ಬುಟ್ರೆ?"

"ಗೊತ್ತಿಲ್ಲ ರೀ. ಉತ್ತರದವರು ಸಹಿ ಹಾಕಬಹುದು, ಇನ್ನೊಂದು ಶೆಲ್ಲೂ ಬೀಳಬಹುದು. ಏನಾದ್ರೂ ಆದ್ರೆ ನಾನೇ ಮಾಡಿದ ಹಾಗೆ."

ಮಾದೇಶ ಆರಿದ ಇಡ್ಲಿಗಳನ್ನು ಪಾತ್ರೆಗೆ ಹಿಂದಕ್ಕೆ ಹಾಕಿದ. "ನಂಗೂ ಅವಳು ಬೇಕು ಕಣಮ್ಮಿ," ಎಂದ ಕೊನೆಗೆ. "ದಿನಾ ಅವಳ ತಟ್ಟೆ ತೊಳ್ದು ಇಡ್ತೀನಿ, ನೀನು ನೋಡಿಲ್ಲ. ಆದ್ರೆ ಅವಳು ಬಾಗ್ಲಲ್ಲಿ ಬಂದು ನಿಂತ್ಕೊಂಡು, ಅಪ್ಪ ನೀವೂ ಬುಟ್ರಾ ಅಂತ ಕೇಳಿದ್ರೆ ಏನಂತ ಹೇಳ್ಲಿ? ನಂಗೊತ್ತಾಗಕಿಲ್ಲ. ನೀನು ಓದಿರೋಳು, ನೀನೇ ನೋಡು."

ಗುರುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ವನಜಾಕ್ಷಿ ಅಂಗಡಿಯವರ ಕೋಣೆಯ ಬಾಗಿಲು ದೂಡಿದಳು. ಸೈನ್ಯ ಮರಳಿಸುವ ಆದೇಶದ ಕರಡು ಅವರ ಮೇಜಿನ ಮೇಲಿತ್ತು.

"ಸರ್, ನಿಮ್ಮ ಎಡಗೈ ತೋರಿಸಿ," ಎಂದಳು.

ಅಂಗಡಿಯವರು ಗಾಬರಿಯಿಂದ ಕೈ ಚಾಚಿದರು. ತೋರುಬೆರಳಿನ ಉಗುರು ಚೊಕ್ಕಟವಾಗಿತ್ತು.

"ಯಾವಾಗ ತೆಗೆದಿರಿ?"

"ಭಾನುವಾರ. ಹಬ್ಬಕ್ಕ ಮುಂಚೆ ತಗೀಬೇಕಲ್ರಿ. ಮನ್ಯಾಗ ಬೈತಾರ."

"ಯುದ್ಧದ ಬಗ್ಗೆ ಮನಸ್ಸು ಬದಲಾಯಿಸಿದ್ರಾ?"

"ಏನ್ ಮಾತಂತ ಆಡ್ತೀರಿ," ಎಂದು ಶುರುಮಾಡಿದವರು ಅಲ್ಲೇ ನಿಂತರು. ತಮ್ಮ ಬೆರಳನ್ನು ನೋಡಿಕೊಂಡರು. ಎದ್ದು ಹೊರಗೆ ಬಂದು, ನಿಯಂತ್ರಣ ಕೊಠಡಿಯ ನಡುವೆ ನಿಂತು, ಎಲ್ಲರೂ ಎಡಗೈ ಮೇಲೆತ್ತಬೇಕೆಂದರು. ಮೂವತ್ತೆರಡು ಕೈಗಳು ಎದ್ದವು. ಶಾಯಿ ಉಳಿದಿದ್ದದ್ದು ಏಳರಲ್ಲಿ. ಹುಬ್ಬಳ್ಳಿಯ ತಂತ್ರಜ್ಞೆಯೊಬ್ಬಳು ತನ್ನ ಬೋಳು ಬೆರಳನ್ನು ಕಂಡು ತಾನೇ ನಕ್ಕಳು. ಮರುಕ್ಷಣ ಇಡೀ ಕೊಠಡಿ ನಗುತ್ತಿತ್ತು. ಐದು ದಿನದ ಬಿಗುವೆಲ್ಲ ಆ ನಗುವಿನಲ್ಲಿ ಸಡಿಲವಾಯಿತು. ವನಜಾಕ್ಷಿ ಮಾತ್ರ ಗೋಡೆಗೆ ಒರಗಿ ನಿಂತಿದ್ದಳು.

ಒಂದೂವರೆ ಗಂಟೆಯಲ್ಲಿ ಲೆಕ್ಕ ಮತ್ತೆ ಆಯಿತು, ದಿಲ್ಲಿಗೆ ಹೋಯಿತು, ಒಪ್ಪಿಗೆ ಬಂತು. ಆರಕ್ಕೆ ಪ್ರಕಟವಾದ ಅಂಕಿ ಅರವತ್ತೆರಡು. ಕೆಳಗೆ ಒಂದು ಸಾಲಿನ ವಿವರಣೆ ಇತ್ತು. ಆದೇಶದ ಕರಡನ್ನು ಅಂಗಡಿಯವರು ನಾಲ್ಕಾಗಿ ಮಡಿಸಿ ಹರಿದರು.

ಎಲ್ಲರೂ ಚಹಕ್ಕೆ ಹೋದ ಮೇಲೆ ಅವರು ಅವಳ ಎದುರು ಕುರ್ಚಿ ಎಳೆದು ಕೂತರು. "ನಿಮ್ಮ ಮಗಳು ಅಲ್ಲೇ ಅದಾಳಲ್ಲ."

"ಹೌದು ಸರ್."

"ಇದು ಯಾವಾಗ ಗೊತ್ತಾತು ನಿಮಗ?"

"ಸೋಮವಾರ."

ಅವರು ಕನ್ನಡಕ ತೆಗೆದು ಒರೆಸಿದರು. "ಗುರುವಾರ ಅಂತ ಬರೀತೀನಿ. ನನಗೂ ಮಕ್ಕಳದಾವ್ರಿ."

ಆ ಮಾತಿಗೆ ಅವಳಿಗೆ ಅಳು ಬಂತು. "ಬೇಡ ಸರ್. ಸೋಮವಾರ ಅಂತಲೇ ಬರೀರಿ," ಎಂದಳು. "ಮೂರು ದಿನ ಆ ಊರಿನೋರು ನಮ್ಮ ಮೇಲೆ ನಂಬಿಕೆ ಬಿಟ್ಟು ನೀರು ತುಂಬಿಸ್ಕೊಂಡಿದಾರೆ. ಅದು ನನ್ನಿಂದ ಆದದ್ದು."

ಅವರು ಹಾಗೇ ಬರೆದರು. ಅವಳನ್ನು ಅಂಕಿಗಳ ಮೇಜಿನಿಂದ ಎಬ್ಬಿಸಿ, ಶಾಯಿ ಬೆರೆಸುವ ವಿಭಾಗಕ್ಕೆ ಹಾಕಿದರು. ಅಲ್ಲಿ ಇಡೀ ದಿನ ದೊಡ್ಡ ಗಾಜಿನ ಪಾತ್ರೆಗಳ ಮುಂದೆ ನಿಂತಿರಬೇಕು, ಕಾಲು ಊದುತ್ತದೆ. ವನಜಾಕ್ಷಿ ಗೊಣಗಲಿಲ್ಲ.

ಉತ್ತರದವರು ಮಾತುಕತೆಯ ಮೇಜಿಗೆ ಮರಳಿದರು. ಸಹಿಯನ್ನಂತೂ ಹಾಕಲಿಲ್ಲ. ನವೆಂಬರಿನಲ್ಲಿ ಘಟಕದ ಬೇಲಿಯಾಚೆ ಇನ್ನೊಂದು ಶೆಲ್ ಬಿತ್ತು, ಯಾರಿಗೂ ಏನೂ ಆಗಲಿಲ್ಲ ಎಂದು ತಿಳಿಯುವ ಹೊತ್ತಿಗೆ ಗಂಡಹೆಂಡಿರು ಒಂದು ದಿನ, ಒಂದು ರಾತ್ರಿ ಉಪವಾಸವಿದ್ದರು. ಅದೇ ತಿಂಗಳ ಕೊನೆಗೆ ದೇಶಕ್ಕೆಲ್ಲ ಮತ್ತೆ ಶಾಯಿ ಹಚ್ಚಿದರು. ಈ ಸಲ ಉಗುರು ತೆಗೆಯುವ ಮುಂಚೆ ಹತ್ತಿರದ ಶಾಲೆಗೆ ಹೋಗಿ ಹೊಸ ತೊಟ್ಟು ಹಚ್ಚಿಸಿಕೊಳ್ಳಬೇಕೆಂಬ ನಿಯಮ ಬಂತು, ಮಂಗಳವಾರ ಶುಕ್ರವಾರ ಆ ಕೆಲಸಕ್ಕೆ ರಜೆ ಕೊಟ್ಟರು.

ಸರತಿಯಲ್ಲಿ ಮಾದೇಶ ಮುಂದೆ, ವನಜಾಕ್ಷಿ ಹಿಂದೆ. ತಾನೇ ಬೆರೆಸಿದ ಶಾಯಿ ತನ್ನ ಉಗುರಿನ ಬುಡದಲ್ಲಿ ತಣ್ಣಗೆ ಕೂತಾಗ ಅವಳು ಮನಸ್ಸನ್ನು ಗಟ್ಟಿಮಾಡಿಕೊಳ್ಳಲು ಹೋಗಲಿಲ್ಲ. ಅಂದು ಸಂಜೆ ಆರಕ್ಕೆ ಸುದ್ದಿ ಬಂದಾಗ ಅವಳ ನಾಡಿ ಏನು ಹೇಳಬೇಕಿತ್ತೋ ಅದನ್ನೇ ಹೇಳಿತು.

ಮರುದಿನ ಇಂಚರ ಫೋನು ಮಾಡಿದಳು. ಹಿಂದೆ ಪಂಪಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು.

"ಅಮ್ಮ, ಐವತ್ತೆಂಟು ಬಂದಿದೆ. ನೊರೀಮಾ ನಿಮಗೆ ಥ್ಯಾಂಕ್ಸ್ ಹೇಳು ಅಂದ್ಲು. ಅಪ್ಪಂದಂತೂ ಗೊತ್ತು. ನಿನ್ನ ಬೆರಳು ಏನಂತು?"

"ನೀನು ಮನೆಗೆ ಬಾ ಅಂತು," ಎಂದಳು ವನಜಾಕ್ಷಿ.

ಪಂಪಿನ ಸದ್ದು ದೂರವಾಯಿತು, ಅವಳು ಆಚೆ ಸರಿದಿರಬೇಕು. ಆಮೇಲೆ ಇಂಚರ ಸಣ್ಣ ದನಿಯಲ್ಲಿ ಕೇಳಿದಳು. "ಅದನ್ನೂ ಸರಿಯಾಗಿ ಎಣಿಸಿದ್ರಾಮ್ಮ?"

"ಎಣಿಸಿದ್ದಾರೆ ಕಣೇ. ಸೋತೆ."